ದೊಡ್ಡ ಬೈಕು, ಎರೆಮಣ್ಣು, ದಾರಿಯ ಹಕ್ಕು

ಶುಕ್ರವಾರ ಜುಮಾ ಬಿಡುವ ಹೊತ್ತಿಗೆ ನಮ್ಮ ಮಸೀದಿಗಳ ಹೊರಗೆ ಸಾಲಾಗಿ ನಿಂತಿರುವ ವಾಹನಗಳನ್ನು ಒಮ್ಮೆ ನೋಡಿ. ಹತ್ತು ವರ್ಷದ ಹಿಂದೆ ಸ್ಕೂಟರು, ನೂರು ಸಿ.ಸಿ. ಬೈಕುಗಳ ನಡುವೆ ಒಂದೆರಡು ಬುಲೆಟ್ ಕಂಡರೆ ಹೆಚ್ಚು. ಈಗ ಹಾಗಿಲ್ಲ. ಎತ್ತರದ ಸೀಟು, ಮುಂದೆ ಕೊಕ್ಕಿನ ಹಾಗೆ ಚಾಚಿದ ಮಡ್‌ಗಾರ್ಡ್, ಹಿಂದೆ ಎರಡೂ ಬದಿಗೆ ಅಲ್ಯುಮಿನಿಯಂ ಪೆಟ್ಟಿಗೆ, ಗುಬುಟು ಗುಬುಟಾದ ಟೈರು. ಹುಡುಗರು ಇದಕ್ಕೆ ‘ಅಡ್ವೆಂಚರ್ ಬೈಕ್’ ಅಂತಾರೆ. ಗಲ್ಫಿನಿಂದ ರಜೆಗೆ ಬಂದವರು, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದವರು, ಅಡಿಕೆ ವ್ಯಾಪಾರದವರ ಮಕ್ಕಳು, ಎಲ್ಲರ ಬಾಯಲ್ಲೂ ಅದರದೇ ಮಾತು. ಶನಿವಾರ, ಭಾನುವಾರ ಬಂತೆಂದರೆ ಘಾಟಿ ಹತ್ತಿ ಎಲ್ಲಾದರೂ ಕಚ್ಚಾ ದಾರಿ ಹುಡುಕಿಕೊಂಡು ಹೋಗುತ್ತಾರೆ. ಮನೆಯಲ್ಲಿ ಉಮ್ಮನಿಗೆ ಎದೆ ಢವಢವ, ಉಪ್ಪನಿಗೆ ಕಂತಿನ ಚಿಂತೆ.

‘ಇದೆಲ್ಲ ಯಾಕೆ ಬೇಕು?’ ಎಂದು ಒಂದೇ ಮಾತಿನಲ್ಲಿ ಬೈದು ಮುಗಿಸುವುದು ಸುಲಭ. ಬೈದರೆ ಹುಡುಗರು ಹೇಳದೆ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಈ ಸವಾರಿಯಲ್ಲಿ ಏನಿದೆ, ಎಲ್ಲಿ ಅಪಾಯ, ಎಲ್ಲಿ ಇನ್ನೊಬ್ಬರ ಹಕ್ಕು ಬರುತ್ತದೆ ಎಂದು ತಿಳಿದು ಮಾತಾಡಿದರೆ ಅವರೂ ಕೇಳುತ್ತಾರೆ. ಹಾವೇರಿ ಜಿಲ್ಲೆಯ ಗುತ್ತಲದ ಸುತ್ತ ನಮ್ಮ ಜಮಾಅತಿನ ಐವರು ಯುವಕರ ಜೊತೆ ಕಳೆದ ಎರಡು ದಿನ ನಮಗೆ ಈ ವಿಷಯವನ್ನು ಸ್ವಲ್ಪ ಹತ್ತಿರದಿಂದ ತೋರಿಸಿತು. ‘ಉಸ್ತಾದ್ ಜೊತೆಗಿದ್ದರೆ ಮಾತ್ರ ಕಳಿಸ್ತೇವೆ’ ಎಂದು ಇಬ್ಬರ ಮನೆಯವರು ಹಠ ಹಿಡಿದದ್ದರಿಂದ ನಾವು ಹೋದದ್ದು. ಬೈಕಲ್ಲಲ್ಲ, ನೀರು, ಅಕ್ಕಿ, ಟೂಲ್ಸು, ಔಷಧಿ ಪೆಟ್ಟಿಗೆ ಹೊತ್ತು ಹಿಂದೆ ಬರುವ ಜೀಪಿನಲ್ಲಿ.

ಭಾರದ ಲೆಕ್ಕ

ಮೊದಲು ಈ ಬೈಕಿನ ಜಾತಕ ತಿಳಿಯೋಣ. 1980ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ ‘ಆರ್ 80 ಜಿ/ಎಸ್’ ಎಂಬ ಬೈಕು ತಂದಿತು. ಆ ಎರಡು ಅಕ್ಷರಗಳಲ್ಲಿ ಒಂದು ಜರ್ಮನ್ ಭಾಷೆಯಲ್ಲಿ ಕಾಡುಮೇಡಿನ ನೆಲವನ್ನೂ ಇನ್ನೊಂದು ರಸ್ತೆಯನ್ನೂ ಸೂಚಿಸುತ್ತದೆ. ಡಾಂಬರಿನಲ್ಲೂ ಓಡಬೇಕು, ಡಾಂಬರು ಮುಗಿದ ಮೇಲೂ ಓಡಬೇಕು ಎಂಬುದು ಅದರ ಉದ್ದೇಶ. ನಮ್ಮ ದೇಶದಲ್ಲಿ ರಾಯಲ್ ಎನ್‌ಫೀಲ್ಡ್ 2016ರಲ್ಲಿ ‘ಹಿಮಾಲಯನ್’ ತಂದ ಮೇಲೆ ಸಾಮಾನ್ಯ ಮನೆಯ ಹುಡುಗರಿಗೂ ಇದು ಕೈಗೆಟುಕಿತು. ನಮ್ಮ ಹಿರಿಯರು ಓಡಿಸುತ್ತಿದ್ದ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಹೆಸರಿನಲ್ಲೂ 2022ರಲ್ಲಿ ಒಂದು ಅಡ್ವೆಂಚರ್ ಬೈಕು ಬಂತು.

ಬೆಲೆಗಿಂತ ಮೊದಲು ಭಾರ ನೋಡಬೇಕು. ಸಾಮಾನ್ಯ ನೂರು ಸಿ.ಸಿ. ಬೈಕು 110 ಕಿಲೋ ಆಸುಪಾಸು ಇರುತ್ತದೆ. 2023ರ ಕೊನೆಗೆ ಬಂದ ಹೊಸ ಹಿಮಾಲಯನ್ 196 ಕಿಲೋ. 2024ರಲ್ಲಿ ಇಲ್ಲಿಗೆ ಬಂದ ಬಿಎಂಡಬ್ಲ್ಯು ಆರ್ 1300 ಜಿಎಸ್ 237 ಕಿಲೋ. ಅದರ ಬೆಲೆ 20 ಲಕ್ಷ ರೂಪಾಯಿ ದಾಟುತ್ತದೆ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸಣ್ಣದರಲ್ಲಿ 50 ಕಿಲೋದ ನಾಲ್ಕು ಅಕ್ಕಿಮೂಟೆ, ದೊಡ್ಡದರಲ್ಲಿ ಹೆಚ್ಚುಕಡಿಮೆ ಐದು. ಅದರ ಮೇಲೆ ಸವಾರ, ಸವಾರನ ಬ್ಯಾಗು. ಇಷ್ಟು ಭಾರ ಓಡುವಾಗ ಹಗುರ ಅನಿಸುತ್ತದೆ. ನಿಂತಾಗ, ಬಾಗಿದಾಗ, ಜಾರಿದಾಗ ಅದರ ನಿಜವಾದ ತೂಕ ಕಾಲಿನ ಮೇಲೆ ಬರುತ್ತದೆ.

ನಮ್ಮ ತಂಡದಲ್ಲಿ ಮೂರು ಹಿಮಾಲಯನ್, ಒಂದು ಕೆಟಿಎಂ, ಒಂದು ಸಾವಿರ ಸಿ.ಸಿ. ದಾಟಿದ ದೊಡ್ಡದು. ದೊಡ್ಡದರ ಸವಾರರು ತಂಡದ ಹಿರಿಯರು, ಮೂವತ್ತೈದು ದಾಟಿದವರು. ಸೌದಿಯ ಜುಬೈಲ್‌ನಲ್ಲಿ ಹಲವು ವರ್ಷ ಕೆಲಸ ಮಾಡಿ, ಅಲ್ಲಿಯ ಮರಳಿನಲ್ಲಿ ಬೈಕು ಕಲಿತವರು. ಎಲ್ಲರಿಗಿಂತ ಚಿಕ್ಕವನಿಗೆ ಇಪ್ಪತ್ತೊಂದು.

ಗುತ್ತಲವೇ ಯಾಕೆ?

ಕರಾವಳಿಯಲ್ಲಿ ಬಯಲು ಕಡಿಮೆ. ಮನೆ, ತೋಟ, ಮತ್ತೆ ಮನೆ. ಮಲೆನಾಡಿನಲ್ಲಿ ಬಯಲಾಗಿ ಕಂಡದ್ದೆಲ್ಲ ಕಾಡು ಅಥವಾ ಹುಲ್ಲುಗಾವಲು; ಅಲ್ಲಿ ಚಕ್ರ ಇಳಿಸುವುದು ನೆಲಕ್ಕೂ ಕಾನೂನಿಗೂ ಒಳ್ಳೆಯದಲ್ಲ. ಹಾವೇರಿ ಕಡೆ ಹಳ್ಳಿಯಿಂದ ಹಳ್ಳಿಗೆ, ಊರಿಂದ ಹೊಲಕ್ಕೆ ಹಳೆಯ ಚಕ್ಕಡಿ ದಾರಿಗಳಿವೆ. ಎತ್ತಿನ ಗಾಡಿಗೆ ಅಲ್ಲಿ ಚಕ್ಕಡಿ ಎನ್ನುತ್ತಾರೆ. ತಂಡದಲ್ಲೊಬ್ಬನ ಸ್ನೇಹಿತನ ಮನೆ ಅದೇ ಭಾಗದಲ್ಲಿದ್ದದ್ದರಿಂದ ಯಾವ ದಾರಿ ಯಾರದು ಎಂದು ಹೇಳುವವರೂ ಇದ್ದರು.

ಶುಕ್ರವಾರ ಜುಮಾ ಮುಗಿಸಿ ಹೊರಟೆವು. ಕಾರ್ಕಳ, ಆಗುಂಬೆ ಘಾಟಿ, ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ, ರಾಣೆಬೆನ್ನೂರು ಮಾರ್ಗವಾಗಿ ಮುನ್ನೂರು ಕಿಲೋಮೀಟರ್ ಆಸುಪಾಸು. ಹೊರಡುವ ಮೊದಲು ವಾಹನ ಏರುವಾಗಿನ ದುಆ ಹೇಳಿಸಿದೆವು. ಆ ದುಆದ ಅರ್ಥವನ್ನು ಹುಡುಗರು ಮೊದಲ ಸಲ ಗಮನಿಸಿದರು: ಈ ವಾಹನ ನಮ್ಮ ಬಲದಿಂದ ನಮಗೆ ಅಧೀನವಾದದ್ದಲ್ಲ, ಅಲ್ಲಾಹನು ಅಧೀನ ಮಾಡಿಕೊಟ್ಟದ್ದು. ಇನ್ನೂರು ಕಿಲೋದ ಬೈಕಿನ ಮೇಲೆ ಕುಳಿತವನಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಗುತ್ತಲ ಹಾವೇರಿ ತಾಲೂಕಿನ ಹೋಬಳಿ ಊರು. ಶಾಸನಗಳಲ್ಲಿ ಇದಕ್ಕೆ ಗುತ್ತವೊಳಲ್ ಎಂದು ಹೆಸರು. ಹನ್ನೆರಡು, ಹದಿಮೂರನೇ ಶತಮಾನದಲ್ಲಿ ಗುತ್ತರೆಂಬ ಅರಸರು ಇಲ್ಲಿಂದ ಆಳಿದರು. ಹತ್ತಿರದ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯ ಅವರ ಕಾಲದ್ದು. ಊರಿನ ಹೆಸರು ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನವರದು. ಗುತ್ತಲದ ಇನ್ನೊಂದು ಶಾಸನದ ಸುದ್ದಿ 2025ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದು 1539ರದು. ಬರದಿಂದ ಸತ್ತ 6,307 ಜನರನ್ನು ಒಬ್ಬ ಪುಣ್ಯವಂತ ಹೂಳಿಸಿದ ಎಂದು ಅದರಲ್ಲಿದೆ. ನಮ್ಮಲ್ಲಿ ಮಯ್ಯಿತ್ ದಫನ ಮಾಡುವುದು ಇಡೀ ಊರಿನ ಹೊಣೆ. ಯಾರೂ ಮಾಡದಿದ್ದರೆ ಎಲ್ಲರೂ ಗುನಾಹ್‌ಗಾರರು. ಈ ಸಂಖ್ಯೆ ಕೇಳಿ ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ನಮ್ಮ ಕಣ್ಣಿಗೆ ಖಾಲಿ ಬಯಲು ಕಾಣುವ ಈ ನೆಲದಲ್ಲಿ ಜನ ಮಳೆಗಾಗಿ ಕಾದು, ಕಾದು ಬದುಕಿದ್ದಾರೆ. ಅಲ್ಲಿ ಒಂದು ಬೆಳೆ ಎಂದರೆ ಏನು ಎಂದು ಮರುದಿನವೇ ತಿಳಿಯಿತು.

ಎರೆಮಣ್ಣಿನ ಪಾಠ

ಗುತ್ತಲದ ಸುತ್ತ ಹೆಚ್ಚಿನ ಹೊಲ ಎರೆಭೂಮಿ, ಅಂದರೆ ಕಪ್ಪು ಮಣ್ಣು. ನಮ್ಮ ಕರಾವಳಿಯ ಮುರಕಲ್ಲಿನ ಕೆಂಪು ನೆಲ ಕಂಡವರಿಗೆ ಇದರ ಗುಣವೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಬೈಕಿನ ಚಕ್ರಕ್ಕೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗದಂತೆ ಹಿಡಿದುಬಿಡುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಮುಂದಿನ ಚಕ್ರ ಇಳಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ನಾವು ಹೋದದ್ದು ಜನವರಿ ಕೊನೆಗೆ. ಮೇಲೆ ನುಣ್ಣನೆ ಧೂಳು, ಅಡಿಯಲ್ಲಿ ಚಕ್ಕಡಿ ಗಾಲಿ ಕೊರೆದ ಗಟ್ಟಿ ಗೀರು.

ಶನಿವಾರ ಬೆಳಿಗ್ಗೆ ಹಿರಿಯರು ಮೊದಲ ಒಂದು ಗಂಟೆ ಯಾರನ್ನೂ ಓಡಿಸಲು ಬಿಡಲಿಲ್ಲ. ಟೈರಿನ ಗಾಳಿ ಇಳಿಸಿದರು. ರಸ್ತೆಯಲ್ಲಿ 30ರ ಆಸುಪಾಸು ಇದ್ದದ್ದು 22–24ಕ್ಕೆ ಬಂತು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಸಡಿಲ ಮಣ್ಣಿನಲ್ಲಿ ಹುಗಿಯುವುದಿಲ್ಲ. ತುಂಬ ಇಳಿಸಿದರೆ ಕಲ್ಲಿಗೆ ರಿಮ್ಮು ಬಾಗುತ್ತದೆ. ಡಾಂಬರಿಗೆ ಮರಳುವ ಮೊದಲು ಮತ್ತೆ ತುಂಬಿಸಲೇಬೇಕು. ಅದಕ್ಕೆ ಸಣ್ಣ ಪಂಪು ಜೀಪಿನಲ್ಲಿತ್ತು.

ಆಮೇಲೆ ನಿಲ್ಲುವುದು. ಕಚ್ಚಾ ದಾರಿಯಲ್ಲಿ ಸೀಟಿನ ಮೇಲೆ ಕುಳಿತಿದ್ದರೆ ಪ್ರತಿ ಗುಂಡಿಯ ಏಟು ಬೆನ್ನಿಗೆ ಬೀಳುತ್ತದೆ. ಫುಟ್‌ರೆಸ್ಟ್ ಮೇಲೆ ಎದ್ದುನಿಂತು, ಮೊಣಕಾಲು ಸ್ವಲ್ಪ ಮಡಿಸಿ, ಟ್ಯಾಂಕನ್ನು ಕಾಲುಗಳ ನಡುವೆ ಹಿಡಿದರೆ ಬೈಕು ಕೆಳಗೆ ಎಷ್ಟು ಕುಣಿದರೂ ಸವಾರ ಸ್ಥಿರ. ಹ್ಯಾಂಡಲನ್ನು ಬಿಗಿ ಹಿಡಿಯಬಾರದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ದೂರದ ದಾರಿಯ ಮೇಲೆ. ‘ಕಲ್ಲನ್ನೇ ನೋಡಿದರೆ ಕಲ್ಲಿಗೇ ಹೋಗಿ ಹೊಡೀತೀರಿ’ ಎಂದರು ಹಿರಿಯರು. ಗುಂಡಿ ನೋಡಿ ಮುಂದಿನ ಬ್ರೇಕು ಒತ್ತಿದವನು ಬೀಳುತ್ತಾನೆ. ಗೇರು ಇಳಿಸಿ, ಹಿಂದಿನ ಬ್ರೇಕಿನಲ್ಲಿ ವೇಗ ತಗ್ಗಿಸಿ, ಅರ್ಧ ಕ್ಲಚ್ಚಿನಲ್ಲಿ ನಡೆಯುವ ವೇಗಕ್ಕೆ ತರಬೇಕು. ಹುಡುಗರು ತಮ್ಮ ವಿಡಿಯೋಗಳಲ್ಲಿ ನೋಡಿದ್ದು ಹಾರುವುದನ್ನು. ಇಲ್ಲಿ ಅರ್ಧ ದಿನ ಕಲಿತದ್ದು ಮನುಷ್ಯ ನಡೆಯುವ ವೇಗದಲ್ಲಿ ಕಾಲು ಕೆಳಗಿಡದೆ ಓಡಿಸುವುದನ್ನು. ಅದೇ ಎಲ್ಲಕ್ಕಿಂತ ಕಷ್ಟ ಎಂದು ಅವರೇ ಹೇಳಿದರು.

ಚಿಕ್ಕವನು ಮಧ್ಯಾಹ್ನಕ್ಕೆ ಮೊದಲು ಎರಡು ಸಲ ಬಿದ್ದ. ಎರಡನೇ ಸಲ ಬೈಕು ಅವನ ಪಾದದ ಮೇಲೇ ಮಲಗಿತು. ಜೀಪಿನಿಂದ ಇಳಿದು ಓಡಿದ ನಮಗೆ ಬಾಯಲ್ಲಿ ಬಂದದ್ದು ‘ಯಾ ಅಲ್ಲಾಹ್’ ಒಂದೇ. ಅವನಿಗೆ ಏನೂ ಆಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಕಣಕಾಲು ಮುಚ್ಚುವ ಗಟ್ಟಿ ಬೂಟಿನ ಮೇಲೆ ಬೈಕಿನ ಗುರುತಷ್ಟೇ. ಹಿಂದಿನ ದಿನ ಅದೇ ಬೂಟಿಗೆ ‘ಇಷ್ಟು ದುಡ್ಡು ಬೇಕಿತ್ತಾ’ ಎಂದು ಅವನ ಮನೆಯಲ್ಲಿ ಮಾತಾಗಿತ್ತಂತೆ.

ಬಿದ್ದ ಬೈಕನ್ನು ಎತ್ತುವುದಕ್ಕೂ ಒಂದು ಕ್ರಮವಿದೆ. ಬಗ್ಗಿ ಕೈಯಿಂದ ಎಳೆದರೆ ಸೊಂಟ ಹಿಡಿಯುತ್ತದೆ. ಎಂಜಿನ್ ಆಫ್ ಮಾಡಿ, ಗೇರಿಗೆ ಹಾಕಿ, ಬೈಕಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಚೌಕಟ್ಟು ಹಿಡಿದು, ಕಾಲಿನ ಬಲದಲ್ಲಿ ಹಿಂದಕ್ಕೆ ಒತ್ತುತ್ತಾ ಏಳಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸ್ಟ್ಯಾಂಡ್ ಇಳಿಸಿಡಬೇಕು, ಇಲ್ಲದಿದ್ದರೆ ಎತ್ತಿದ್ದು ಆಚೆ ಬದಿಗೆ ಬೀಳುತ್ತದೆ. ಆದರೆ ನದಿಯ ಹತ್ತಿರದ ಮರಳಿನಲ್ಲಿ ದೊಡ್ಡ ಬೈಕು ಹುಗಿದಾಗ ಈ ಕ್ರಮವೂ ಸಾಲಲಿಲ್ಲ. ನಾಲ್ವರು ಸೇರಿ ಎಳೆದರು, ನಾವೂ ಮುಂಡು ಎತ್ತಿಕಟ್ಟಿ ಕೈ ಹಾಕಿದೆವು. ಇದರಿಂದಲೇ ತಿಳಿಯುವುದು: ದೊಡ್ಡ ಬೈಕು ತೆಗೆದುಕೊಂಡು ಒಬ್ಬನೇ ಕಚ್ಚಾ ದಾರಿಗೆ ಹೋಗಬಾರದು. ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗದಲ್ಲಿ ಬೈಕಿನ ಕೆಳಗೆ ಕಾಲು ಸಿಕ್ಕಿದರೆ ಕೂಗು ಕೇಳುವವರು ಯಾರು?

ಮೆಣಸಿನ ಕಣದಲ್ಲಿ

ಶನಿವಾರ ಮಧ್ಯಾಹ್ನದ ಮೇಲೆ ಒಂದು ಹಳ್ಳಿಯ ಹೊರಗೆ ಚಕ್ಕಡಿ ದಾರಿಯಲ್ಲಿ ಹೋಗುತ್ತಿದ್ದಾಗ ಮುಂದಿನ ಇಬ್ಬರನ್ನು ಒಬ್ಬ ರೈತರು ಕೈ ಅಡ್ಡ ಹಾಕಿ ನಿಲ್ಲಿಸಿದರು. ದಾರಿಯ ಪಕ್ಕದ ಕಣದಲ್ಲಿ ಕೆಂಪು ಕಂಬಳಿ ಹಾಸಿದ ಹಾಗೆ ಮೆಣಸಿನಕಾಯಿ ಒಣಗುತ್ತಿತ್ತು. ಬೈಕು ಎಬ್ಬಿಸಿದ ಧೂಳು ಗಾಳಿಗೆ ಅದರ ಮೇಲೆ ಇಳಿಯುತ್ತಿತ್ತು. ಜೀಪಿನಿಂದ ಇಳಿದ ನಮ್ಮ ಟೊಪ್ಪಿ ನೋಡಿ ಅವರು ನಮ್ಮ ಕಡೆ ತಿರುಗಿದರು.

‘ಏನ್ರೀ ಸಾಹೇಬ್ರ, ಆರ್ ತಿಂಗಳ ದುಡಿಮಿ ಐತ್ರೀ ಇದು. ನಿಮ್ಮ ಹುಡುಗ್ರು ಒಂದ್ ಸಲ ಹಾದು ಹೋದ್ರ ಧೂಳ ಎಲ್ಲಾ ಕಾಯಿ ಮ್ಯಾಲ ಬೀಳ್ತದ. ಪ್ಯಾಟ್ಯಾಗ ವ್ಯಾಪಾರಿ ಕೈಯಾಗ ಹಿಡದು ನೋಡ್ತಾನ. ಬಣ್ಣ ಮಾಸಿದ್ರ ದರ ಇಳಸ್ತಾನ್ರೀ.’

ಅವರ ಮಾತಿನಲ್ಲಿ ಬೈಗಳಿರಲಿಲ್ಲ, ಲೆಕ್ಕವಿತ್ತು. ಬ್ಯಾಡಗಿ ಮೆಣಸಿನ ಬೆಲೆ ನಿಂತಿರುವುದೇ ಅದರ ಬಣ್ಣದ ಮೇಲೆ. ಖಾರ ಕಡಿಮೆ, ಕೆಂಪು ಗಾಢ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆಯುವ ಬಣ್ಣದ ಎಣ್ಣೆ ದೇಶವಿದೇಶಕ್ಕೆ ಹೋಗುತ್ತದೆ. ದರ ಬಿದ್ದರೆ ಆ ಭಾಗದ ಮನೆಗಳು ಹೇಗೆ ನಡುಗುತ್ತವೆ ಎಂಬುದನ್ನು 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಕಂಡಿದ್ದೇವೆ. ಅಂದು ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಗಿತ್ತು. ಇನ್ನು ನಮ್ಮ ಮನೆಗಳನ್ನೇ ನೋಡಿ: ಮೀನು ಸಾರಿಗೆ, ಕೋಳಿ ಸಾರಿಗೆ ಆ ಕೆಂಪು ಬರುವುದು ಎಲ್ಲಿಂದ? ಉಮ್ಮಂದಿರು ಅಂಗಡಿಯಲ್ಲಿ ‘ಬ್ಯಾಡಗಿ ಕೊಡಿ’ ಎಂದು ಹೇಳಿ ತರುವ ಮೆಣಸು ಇಂಥ ಕಣದಲ್ಲೇ ಒಣಗಿದ್ದು.

ಹಿರಿಯರು ಹೆಲ್ಮೆಟ್ ತೆಗೆದು, ಗ್ಲೌಸ್ ತೆಗೆದು, ‘ತಪ್ಪಾಯ್ತು ಅಣ್ಣ, ನಮಗೆ ಅಂದಾಜಾಗಲಿಲ್ಲ’ ಎಂದರು. ಐವರೂ ಎಂಜಿನ್ ಆಫ್ ಮಾಡಿದರು. ಕಣದ ಅಂಚಿನಲ್ಲಿದ್ದ ತಾಡಪಾಲನ್ನು ರೈತರ ಜೊತೆ ಸೇರಿ ದಾರಿಯ ಬದಿಯ ಮೆಣಸಿನ ಮೇಲೆ ಎಳೆದರು. ಆಮೇಲೆ ಇನ್ನೂರು ಹೆಜ್ಜೆ ಬೈಕುಗಳನ್ನು ತಳ್ಳಿಕೊಂಡೇ ಹೋದರು. ಬಿಸಿಲಲ್ಲಿ ನಾಲ್ಕು ಮೂಟೆಯ ಭಾರ ತಳ್ಳುವುದೆಂದರೆ ಏನು ಎಂದು ಅವರ ಅಂಗಿ ಹೇಳುತ್ತಿತ್ತು. ನಷ್ಟವೆಂದು ಏನಾದರೂ ಕೊಡಲು ಹೋದರೆ ರೈತರು ತೆಗೆದುಕೊಳ್ಳಲಿಲ್ಲ. ನಗಲೂ ಇಲ್ಲ. ‘ಹೋಗಬ್ಯಾಡ್ರಿ ಅಂತ ಅನ್ನಾಂಗಿಲ್ಲ. ಊರ ಹತ್ರ ಮೆಲ್ಲಕ ಹೋಗ್ರಿ, ಸಂಜೀಕ ಈ ಕಡೆ ಬರಬ್ಯಾಡ್ರಿ’ ಎಂದಷ್ಟೇ ಹೇಳಿದರು. ಹಿರಿಯರು ಅವರ ಕೈ ಹಿಡಿದು ಪೊರುತ್ತ ಕೇಳಿದರು. ಆ ಪದ ಅವರಿಗೆ ಗೊತ್ತಿರಲಿಲ್ಲ, ಭಾವ ಗೊತ್ತಾಯಿತು. ‘ಆತು ಬಿಡ್ರಿ’ ಎಂದರು.

ಆ ದಿನ ರಾತ್ರಿ ಊಟದ ಹೊತ್ತಿಗೆ ಹುಡುಗರೊಡನೆ ಮಾತಾಡಿದ್ದು ಇದೇ. ದಾರಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಕೊಡಬೇಕೆಂದು ಪ್ರವಾದಿಯವರು (ಸ.ಅ.) ಕಲಿಸಿದ್ದಾರೆ, ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲೊಂದು. ದಾರಿಯಿಂದ ಹಾನಿಕಾರಕ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಕೊಂಬೆ ಎಂದೂ ನಾವು ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇವೆ. ಹಾಗಿರುವಾಗ ನಾವೇ ದಾರಿಯ ಹಾನಿಯಾದರೆ? ಅಲ್ಲಾಹನ ಹಕ್ಕಿನಲ್ಲಿ ತಪ್ಪಾದರೆ ತೌಬಾ ಮಾಡಬಹುದು. ಮನುಷ್ಯರ ಹಕ್ಕಿನಲ್ಲಿ ತಪ್ಪಾದರೆ ಆ ಮನುಷ್ಯನೇ ಬಿಟ್ಟುಕೊಡಬೇಕು. ಕಚ್ಚಾ ದಾರಿಯ ಸವಾರನಿಗೆ ಪ್ರತಿ ಬದು, ಪ್ರತಿ ಕಣ, ಪ್ರತಿ ಮೇಕೆ ಹಿಂಡಿನ ಹತ್ತಿರ ಈ ಲೆಕ್ಕ ಬರುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಎದ್ದ ಧೂಳಿಗೂ 15ರಲ್ಲಿ ಎದ್ದ ಧೂಳಿಗೂ ವ್ಯತ್ಯಾಸ ಎಷ್ಟೆಂದು ಅವರು ಕಣ್ಣಾರೆ ಕಂಡಿದ್ದರು.

ನಕ್ಷೆಯ ಗೆರೆ ಅನುಮತಿಯಲ್ಲ

ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಮೊಬೈಲಿನ ನಕ್ಷೆಯಲ್ಲಿ ರಾಣೆಬೆನ್ನೂರು ಕಡೆಯ ಕಾಡಿನೊಳಗೆ ಒಂದು ತೆಳು ಗೆರೆ ತೋರಿಸಿದ. ‘ಉಸ್ತಾದ್, ಇಲ್ಲಿಂದ ಹೋದರೆ ಕೃಷ್ಣಮೃಗ ಕಾಣ್ತದಂತೆ.’ ಹಿರಿಯರು ತಲೆ ಅಲ್ಲಾಡಿಸಿದರು. ಅದು ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 119 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಬೈಕು ದೂರದ ಮಾತು. ಕೃಷ್ಣಮೃಗ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿರುವ ಪ್ರಾಣಿ. ನಕ್ಷೆಯಲ್ಲಿ ಗೆರೆ ಇದೆ ಎಂದರೆ ಯಾವಾಗಲೋ ಯಾರೋ ಓಡಾಡಿದ್ದಾರೆ ಎಂದಷ್ಟೇ ಅರ್ಥ. ನಮಗೆ ಹೋಗಲು ಹಕ್ಕಿದೆ ಎಂದಲ್ಲ. ಖಾಸಗಿ ಹೊಲದೊಳಗಿನ ದಾರಿಗೂ ಇದೇ ಮಾತು. ಬಾಗಿಲು ಬಡಿದು ಸಲಾಂ ಹೇಳಿ ಅನುಮತಿ ಕೇಳದೆ ಮನೆಯೊಳಗೆ ಹೋಗಬಾರದು ಎಂದು ಕುರ್‌ಆನ್ ಕಲಿಸಿದ ಅದಬ್ ಹೊಲಕ್ಕೂ ಸಲ್ಲುತ್ತದೆ ಎಂದೆವು.

ಬದಲಿಗೆ ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥಕ್ಕೆ ಹೋದೆವು. ಮೆಟ್ಟಿಲು ಮೆಟ್ಟಿಲಾಗಿ ಎದ್ದ ಬುಡದ ಮೇಲಿರುವ ಗಳಗೇಶ್ವರ ದೇವಾಲಯ ಸಂರಕ್ಷಿತ ಸ್ಮಾರಕ. ಬೈಕುಗಳನ್ನು ದೂರದಲ್ಲೇ ನಿಲ್ಲಿಸಿ, ಸಂಗಮದ ದಡದಲ್ಲಿ ಕುಳಿತು ಉಂಡೆವು. ತಿಂದ ಪೊಟ್ಟಣ, ಬಾಟಲಿ ಎಲ್ಲವೂ ಜೀಪಿನಲ್ಲೇ ವಾಪಸು ಬಂತು.

ಸಫರಿನ ನಮಾಝ್

ಇಷ್ಟು ದೂರ ಹೋದ ಮೇಲೆ ನಮಾಝಿನ ವಿಷಯ ಬಂದೇ ಬರುತ್ತದೆ. ದೂರ ಸಫರಿನ ಮಿತಿ ದಾಟಿದ್ದರಿಂದ ಜಂಅ್ ಮತ್ತು ಕಸ್ರ್ ಮಾಡುವ ಸವಲತ್ತು ಇತ್ತು. ಹಾವೇರಿ ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಮದ್‌ಹಬಿನವರು, ನಾವು ಶಾಫಿಗಳು. ಮೊದಲ ದಿನ ಸಂಜೆ ಮಸೀದಿಗೆ ಹೋದರೆ ನಮ್ಮ ಲೆಕ್ಕದಲ್ಲಿ ಅಸರ್ ಆಗಿ ಸುಮಾರು ಹೊತ್ತಾದರೂ ಅಲ್ಲಿ ಬಾಂಗ್ ಆಗಿರಲಿಲ್ಲ. ಸುಬಹಿಗೆ ಕುನೂತ್ ಇರಲಿಲ್ಲ. ‘ಇವರು ತಪ್ಪು ಮಾಡ್ತಾರಾ ಉಸ್ತಾದ್?’ ಎಂದು ಚಿಕ್ಕವನು ಕೇಳಿದ. ಎರಡೂ ಹಕ್ಕಿನ ಮದ್‌ಹಬ್‌ಗಳೇ ಎಂದೂ, ಊರಿನವರಾದ ಇಮಾಮರ ಹಿಂದೆ ನಿಂತರೆ ಮುಸಾಫಿರರೂ ನಾಲ್ಕು ರಕಅತ್ ಪೂರ್ತಿ ಮಾಡಬೇಕೆಂದೂ ಹೇಳಿದೆವು. ಮನೆಯಲ್ಲಿ ಕಿತಾಬಿನಲ್ಲಿ ಓದಿದರೆ ನೆನಪುಳಿಯದ ಮಸ್ಅಲ ಅಂಥ ಕಡೆ ಒಮ್ಮೆಗೇ ತಲೆಗೆ ಹೋಗುತ್ತದೆ. ಮಸೀದಿಯ ಹಿರಿಯರೊಬ್ಬರು ಹಾವೇರಿಯ ಏಲಕ್ಕಿ ಮಾಲೆಯ ಮಾತು ತೆಗೆದರು. ದೊಡ್ಡ ದೊಡ್ಡ ಸಭೆಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಆ ಮಾಲೆಗಳನ್ನು ಕಟ್ಟುವ ಪಟವೇಗಾರ ಮನೆತನ ಮುಸ್ಲಿಮರದೇ. ಸಂತ ಶಿಶುನಾಳ ಶರೀಫರೂ ಇದೇ ಜಿಲ್ಲೆಯವರು. ಬೈಕು ಓಡಿಸಲು ಹೋದ ಹುಡುಗರಿಗೆ ಇಂಥ ಪರಿಚಯಗಳೂ ಸಿಕ್ಕಿದವು.

ನಮ್ಮವರೇ ಓಡಿಸಿದ ದಾರಿ

ಈ ಸವಾರಿಯನ್ನು ಜೀವನವನ್ನಾಗಿ ಮಾಡಿಕೊಂಡವರೂ ಕರ್ನಾಟಕದಲ್ಲಿದ್ದಾರೆ. ಡಕಾರ್ ರ‍್ಯಾಲಿ ಜಗತ್ತಿನಲ್ಲೇ ಅತಿ ಕಠಿಣ ಎನಿಸಿದ ಕಚ್ಚಾ ದಾರಿಯ ಸ್ಪರ್ಧೆ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಆಫ್ರಿಕಾದ ಡಕಾರಿಗೆ ಹೊರಟು ಶುರುವಾದದ್ದು. 2009ರಿಂದ ದಕ್ಷಿಣ ಅಮೆರಿಕದಲ್ಲಿ, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಇದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, 36ನೇ ಸ್ಥಾನ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ ಮೂರನೇ ಯತ್ನದಲ್ಲಿ, 2019ರಲ್ಲಿ 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.

ಹುಡುಗರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಅದರ ಇನ್ನೊಂದು ಬದಿಯನ್ನೂ ಅವರು ತಿಳಿಯಬೇಕು. 2020ರ ಸೌದಿಯ ರ‍್ಯಾಲಿಯಲ್ಲಿ ಪೋರ್ಚುಗಲ್‌ನ ಬಹಳ ಅನುಭವಿ ಸವಾರ ಪಾಲೊ ಗೊನ್ಸಾಲ್ವೆಸ್ ಬಿದ್ದು ತೀರಿಕೊಂಡರು, ವಯಸ್ಸು 40. ಮರುವರ್ಷ ಸಂತೋಷ್ ಅಲ್ಲಿಯೇ ಬಿದ್ದು ತಲೆಗೆ ಪೆಟ್ಟಾಗಿ, ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಸೇರಿದರು. ವೈದ್ಯರು ಔಷಧಿ ಕೊಟ್ಟು ಅವರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿಟ್ಟು ಚಿಕಿತ್ಸೆ ಮಾಡಬೇಕಾಯಿತು. ವರ್ಷಗಟ್ಟಲೆ ಕಲಿತವರಿಗೆ, ಹೆಲಿಕಾಪ್ಟರು ಕಾದು ನಿಂತಲ್ಲಿ ಹೀಗಾದರೆ, ವಿಡಿಯೋ ನೋಡಿ ಕಲಿತವರಿಗೆ ಗುತ್ತಲದ ಹೊಲದಲ್ಲಿ ಏನು ಗತಿ? ಕಲಿಯಲು ಜಾಗಗಳಿವೆ. ಸಂತೋಷ್ ಅವರೇ ಕೋಲಾರದ ಬಳಿ ‘ಬಿಗ್ ರಾಕ್’ ಎಂಬ ತರಬೇತಿ ತಾಣ ಕಟ್ಟಿದ್ದಾರೆ. ಬೈಕಿಗೆ ಮೂರು ಲಕ್ಷ ಕೊಡುವವರು ಒಂದೆರಡು ದಿನದ ತರಬೇತಿಗೆ ಹಿಂದೆಮುಂದೆ ನೋಡಬಾರದು.

ಮನೆಯವರಿಗೆ ನಾಲ್ಕು ಮಾತು

ಮೊದಲನೆಯದು ವಯಸ್ಸು. ಗೇರು ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅದಕ್ಕೂ ಮೊದಲು ಮಗನ ಕೈಗೆ ಕೀ ಕೊಟ್ಟು ಏನಾದರೂ ಆದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸೇ ಸಿಗುವುದಿಲ್ಲ. ಗಲ್ಫಿನಲ್ಲಿರುವ ಉಪ್ಪನ ಹೆಸರಲ್ಲಿ ಬೈಕು, ಊರಿನಲ್ಲಿ ಪಿಯುಸಿ ಓದುವ ಮಗನ ಕೈಯಲ್ಲಿ ಕೀ ಎಂಬ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ಎರಡನೆಯದು ಮೈಮೇಲಿನ ರಕ್ಷಣೆ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಆಗಬೇಕು. 2021ರ ಜೂನ್‌ನಿಂದ ಬೇರೆಯದನ್ನು ಮಾರುವುದೇ ಅಪರಾಧ. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ. ಕಚ್ಚಾ ದಾರಿಗೆ ಬೂಟು, ಮೊಣಕಾಲು ಮೊಣಕೈ ರಕ್ಷೆ, ಗ್ಲೌಸು, ಬೆನ್ನಿನ ರಕ್ಷೆಯಿರುವ ಜಾಕೆಟು ಬೇಕೇ ಬೇಕು. ಬೈಕಿನ ಬಜೆಟ್ ಹಾಕುವಾಗಲೇ ಇದನ್ನೂ ಸೇರಿಸಿ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ತವಕ್ಕುಲ್ ಮಾಡು ಎಂದು ಪ್ರವಾದಿಯವರು (ಸ.ಅ.) ಕಲಿಸಿದ ಪಾಠ ಇದಕ್ಕೂ ಒಪ್ಪುತ್ತದೆ.

ಮೂರನೆಯದು ದುಡ್ಡು. ಬಡ್ಡಿಯ ಸಾಲದಲ್ಲಿ ಮೋಜಿನ ಬೈಕು ತಂದು, ಅದರ ಕಂತಿಗಾಗಿ ತಂಗಿಯ ಓದು, ಮನೆಯ ಖರ್ಚು ಹಿಡಿದಿಡುವುದಕ್ಕೆ ಸಾಹಸ ಎನ್ನಲಾಗದು. ಕೈಯಲ್ಲಿದ್ದರೆ ತೆಗೆದುಕೊಳ್ಳಲಿ, ಇಲ್ಲವಾದರೆ ಕಾಯಲಿ. ವಿಮೆಯ ಕಾಗದವನ್ನೂ ಓದಿಸಿ: ಸ್ಪರ್ಧೆ, ವೇಗ ಪರೀಕ್ಷೆಯಲ್ಲಾದ ನಷ್ಟಕ್ಕೆ ಸಾಮಾನ್ಯ ವಾಹನ ವಿಮೆ ಹಣ ಕೊಡುವುದಿಲ್ಲ.

ನಾಲ್ಕನೆಯದು ಬಿದ್ದಾಗ. ಯಾರಾದರೂ ಜೋರಾಗಿ ಬಿದ್ದು ಕುತ್ತಿಗೆ, ಬೆನ್ನು ನೋವು ಎಂದರೆ ಎಳೆದು ಎಬ್ಬಿಸಬೇಡಿ, ಅವಸರದಲ್ಲಿ ಹೆಲ್ಮೆಟ್ ಕೀಳಬೇಡಿ. ಉಸಿರು ಆಡುತ್ತಿದೆಯೇ ನೋಡಿ, ಅಲುಗದ ಹಾಗೆ ಇರಿಸಿ 108ಕ್ಕೆ ಕರೆ ಮಾಡಿ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಪೊಲೀಸು, ಕೋರ್ಟು ಎಂದು ಹೆದರಿ ದಾಟಿಹೋಗಬಾರದು. ಪ್ರತಿ ಜಮಾಅತಿನಲ್ಲಿ ಇಂಥ ಪ್ರಥಮ ಚಿಕಿತ್ಸೆಯ ಒಂದು ತರಗತಿ ಇಟ್ಟರೆ ಅದರ ಫಲ ಬೈಕು ಓಡಿಸದವರಿಗೂ ಸಿಗುತ್ತದೆ.

ಹುಡುಗರಿಗೂ ಒಂದು ಮಾತು. ನೆಲದ ಮೇಲೆ ಜಂಬದಿಂದ ನಡೆಯಬೇಡಿ ಎಂದು ಕುರ್‌ಆನ್ ಕಲಿಸಿದೆ. ಎಂಟುನೂರು ಸಿ.ಸಿ. ಇರಲಿ, ಸಾವಿರದಿನ್ನೂರು ಇರಲಿ, ಎರೆಮಣ್ಣಿನ ಒಂದು ಬಿರುಕು ಅದನ್ನು ಮಲಗಿಸಬಲ್ಲದು. ಮೆಲ್ಲನೆ ಓಡಿಸುವುದು, ಕೇಳಿ ಹೋಗುವುದು, ಬಿದ್ದವನ ಬಳಿ ನಿಲ್ಲುವುದು, ಕಣ ಕಂಡಲ್ಲಿ ಇಳಿದು ತಳ್ಳುವುದು: ಇಷ್ಟು ಕಲಿತವನೇ ಒಳ್ಳೆಯ ಸವಾರ. ಮನೆಯಿಂದ ಹೇಳಿ ಹೋಗಿ, ತಲುಪಿದ ಮೇಲೆ ಉಮ್ಮನಿಗೆ ಒಂದು ಫೋನು ಮಾಡಿ. ದಾರಿಯಲ್ಲಿರುವ ನಮ್ಮ ಮಕ್ಕಳನ್ನೂ, ಅವರು ಹಾದುಹೋಗುವ ಹೊಲದವರ ದುಡಿಮೆಯನ್ನೂ ಅಲ್ಲಾಹನು ಕಾಪಾಡಲಿ. ಆಮೀನ್.